ನಾಯಿ ಜೊತೆ ಸಣ್ಣ ವಿಮಾನದಲ್ಲಿ ಹೋದಾಗ ಇಳಿದ ಮೇಲೆ ಕಾರಿಗೆ ಏನು ಮಾಡಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ನಾನಿರುವುದು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ. ಇಲ್ಲಿನ ರೀಡ್-ಹಿಲ್‌ವ್ಯೂ ಏರ್‌ಪೋರ್ಟಿನ ಒಂದು ಫ್ಲೈಯಿಂಗ್ ಕ್ಲಬ್ಬಿನಿಂದ ಸೆಸ್ನಾ 172 ಬಾಡಿಗೆಗೆ ತೆಗೆದುಕೊಂಡು ಹಾರುತ್ತೇನೆ. ಹಿಂದಿನ ಸೀಟಿನಲ್ಲಿ ನಮ್ಮ ಕೆಂಚ ಇರುತ್ತಾನೆ. ಲ್ಯಾಬ್ರಡಾರ್ ಬೆರಕೆ, ತೂಕ 28 ಕಿಲೋ. ಇಲ್ಲಿನ ಕನ್ನಡದ ಗೆಳೆಯರಲ್ಲಿ ಈಗ ಕೆಲವರು ಪೈಲಟ್ ಲೈಸೆನ್ಸ್ ಮಾಡಿಕೊಂಡಿದ್ದಾರೆ. ಅವರ ಮನೆಯಲ್ಲೂ ನಾಯಿ ಇದೆ. ಅವರು ನನಗೆ ಫೋನ್ ಮಾಡಿ ಕೇಳಿದ ಪ್ರಶ್ನೆಗಳನ್ನೇ ಇಲ್ಲಿ ಬರೆದಿದ್ದೇನೆ. ಎಲ್ಲವೂ ಅಮೆರಿಕದ, ಅದರಲ್ಲೂ ಕ್ಯಾಲಿಫೋರ್ನಿಯಾದ ಅನುಭವ.

ಹಾರೋದೇ ಕಷ್ಟದ ಕೆಲಸ. ಇಳಿದ ಮೇಲೆ ಕಾರಿನ ಬಗ್ಗೆ ಇಷ್ಟು ಯಾಕೆ ತಲೆ ಕೆಡಿಸಿಕೊಳ್ಳಬೇಕು?

ನಾನೂ ಹಾಗೇ ಅಂದುಕೊಂಡಿದ್ದೆ. ಮೂರನೆಯದೋ ನಾಲ್ಕನೆಯದೋ ಪ್ರವಾಸ ಇರಬೇಕು. ಒಂದು ಸಣ್ಣ ಊರಿನ ಏರ್‌ಪೋರ್ಟಿನಲ್ಲಿ ಇಳಿದೆವು. ಜುಲೈ ತಿಂಗಳು, ಮಧ್ಯಾಹ್ನ ಎರಡು ಗಂಟೆ, ಹೊರಗೆ 38 ಡಿಗ್ರಿ. ಹೊರಡುವ ಮುಂಚೆ ಫೋನಿನಲ್ಲಿ ನೋಡಿದಾಗ ಆ ಊರಲ್ಲಿ ಕ್ಯಾಬ್ ಇದೆ ಅಂತ ತೋರಿಸಿತ್ತು. ಅಷ್ಟು ಸಾಕು ಅಂದುಕೊಂಡೆ.

ಮೊದಲನೇ ಕ್ಯಾಬ್ ಹದಿನೆಂಟು ನಿಮಿಷಕ್ಕೆ ಬಂತು. ಡ್ರೈವರ್ ಗೇಟಿನ ಹತ್ತಿರ ನಿಧಾನ ಮಾಡಿದ, ಕೆಂಚನನ್ನು ನೋಡಿದ, ಹಾಗೇ ಮುಂದೆ ಹೋದ. ಫೋನಿನಲ್ಲಿ ಕ್ಯಾನ್ಸಲ್ ಅಂತ ಬಂತು. ಎರಡನೆಯವನು ಬರುವ ದಾರಿಯಲ್ಲೇ ಬಿಟ್ಟ. ಮೂರನೇ ಕಾರು ಇರಲೇ ಇಲ್ಲ. ಅಲ್ಲಿ ಇದ್ದ ನೆರಳು ಅಂದರೆ ನಮ್ಮ ವಿಮಾನದ ರೆಕ್ಕೆಯ ಕೆಳಗಿನದು ಮಾತ್ರ. ಕೆಂಚ ಅಲ್ಲಿ ಮಲಗಿ, ನಾಲಿಗೆ ಪೂರ್ತಿ ಹೊರಗೆ ಹಾಕಿ, ಹೊಟ್ಟೆ ಬಡಿದುಕೊಳ್ಳುವ ಹಾಗೆ ಉಸಿರು ಬಿಡುತ್ತಿದ್ದ. ತಂದಿದ್ದ ನೀರು ಮುಗಿದಿತ್ತು. ಕೊನೆಗೆ ಪಕ್ಕದ ಹ್ಯಾಂಗರಿನಲ್ಲಿ, ಅಂದರೆ ವಿಮಾನ ಇಡುವ ಶೆಡ್ಡಿನಲ್ಲಿ, ಕೆಲಸ ಮಾಡುತ್ತಿದ್ದ ಒಬ್ಬ ಮೆಕ್ಯಾನಿಕ್ ತನ್ನ ಪಿಕಪ್ ಟ್ರಕ್ಕಿನಲ್ಲಿ ನಮ್ಮನ್ನು ಊರೊಳಗೆ ಬಿಟ್ಟ.

ತಪ್ಪು ಡ್ರೈವರುಗಳದ್ದಲ್ಲ. ನಾನು ನಾಯಿಯ ವಿಷಯ ಯಾರಿಗೂ ಹೇಳಿರಲಿಲ್ಲ, ಅಷ್ಟೇ. ಅವತ್ತಿನಿಂದ ಒಂದು ನಿಯಮ ಇಟ್ಟುಕೊಂಡಿದ್ದೇನೆ. ಇಳಿಯುವ ಊರಿನಲ್ಲಿ ಒಬ್ಬ ಮನುಷ್ಯನ ಜೊತೆ ಫೋನಿನಲ್ಲಿ ಮಾತಾಡಿ, "ನಾಯಿ ಇದೆ" ಅಂತ ಹೇಳಿ, ಅವರು "ಸರಿ" ಅನ್ನುವ ತನಕ ನಾನು ಹೊರಡುವುದಿಲ್ಲ.

ಎಫ್‌ಬಿಓ ಅಂದರೆ ಏನು? ಕ್ರೂ ಕಾರ್ ಅಂದರೆ?

ಅಮೆರಿಕದಲ್ಲಿ ಸಾರ್ವಜನಿಕರು ಬಳಸಬಹುದಾದ ಏರ್‌ಪೋರ್ಟುಗಳು ಸುಮಾರು 5,000 ಇವೆ. ದೊಡ್ಡ ಕಂಪನಿಗಳ ವಿಮಾನ ಬರುವುದು ಅದರಲ್ಲಿ ಸುಮಾರು 500ಕ್ಕೆ ಮಾತ್ರ. ಉಳಿದವು ನಮ್ಮಂಥವರಿಗೆ. ಅಲ್ಲಿ ಟ್ಯಾಕ್ಸಿ ಸಾಲು, ಬಸ್ ಸ್ಟಾಪ್ ಏನೂ ಇರುವುದಿಲ್ಲ. ಇರುವುದು ಎಫ್‌ಬಿಓ ಅನ್ನುವ ಒಂದು ಅಂಗಡಿ. ವಿಮಾನಕ್ಕೆ ಎಣ್ಣೆ ಹಾಕುವವರು, ಕಟ್ಟಿ ನಿಲ್ಲಿಸಲು ಜಾಗ ಕೊಡುವವರು, ಕಾಫಿ ಕೊಡುವವರು ಎಲ್ಲ ಅವರೇ. ಊರು ಸಣ್ಣದಾದಷ್ಟೂ ಅವರು ಜಾಸ್ತಿ ಸಹಾಯ ಮಾಡುತ್ತಾರೆ.

ಕ್ರೂ ಕಾರ್ ಅಂದರೆ ಅವರು ಪೈಲಟ್‌ಗಳಿಗೆ ಸುಮ್ನೆ ಕೊಡುವ ಕಾರು. ಕೆಲವರು ಕರ್ಟಸಿ ಕಾರ್ ಅನ್ನುತ್ತಾರೆ. ಬಾಡಿಗೆ ಇಲ್ಲ. ಸಾಮಾನ್ಯವಾಗಿ ಒಂದೆರಡು ಗಂಟೆ, ಊಟಕ್ಕೆ ಹೋಗಿ ಬರುವಷ್ಟು. ತುಂಬಾ ಕಡೆ ಪೊಲೀಸರು ಓಡಿಸಿ ಬಿಟ್ಟ ಹಳೇ ಫೋರ್ಡ್ ಕ್ರೌನ್ ವಿಕ್ಟೋರಿಯಾ ಕಾರುಗಳೇ ಕ್ರೂ ಕಾರ್ ಆಗಿರುತ್ತವೆ. ನಾನು ಒಮ್ಮೆ ಓಡಿಸಿದ ಕಾರಿನಲ್ಲಿ ಬಾಗಿಲ ಪಕ್ಕ ಸರ್ಚ್‌ಲೈಟ್ ಇನ್ನೂ ಹಾಗೇ ಇತ್ತು. ಬೀಗದ ಕೈ ಒಂದು ಮರದ ತುಂಡಿಗೆ ಕಟ್ಟಿತ್ತು. ಮೇಜಿನ ಮೇಲೆ ದಾರ ಕಟ್ಟಿದ ಪೆನ್ನು, ಒಂದು ನೋಟ್‌ಬುಕ್. ಹೆಸರು, ವಿಮಾನದ ನಂಬರ್, ಹೊರಟ ಸಮಯ ಬರೆಯಬೇಕು, ಡ್ರೈವಿಂಗ್ ಲೈಸೆನ್ಸ್ ತೋರಿಸಬೇಕು. ಅಷ್ಟೇ ಕಾಗದಪತ್ರ. ಗುರುತಿಲ್ಲದವರಿಗೆ ಕಾರು ಕೊಟ್ಟು ಕಳಿಸುವ ಈ ಪದ್ಧತಿ ನನಗೆ ತುಂಬಾ ಇಷ್ಟ. ಅದಕ್ಕೇ ನಾಯಿ ಇರುವವರು ಅದನ್ನು ಕೆಡಿಸಬಾರದು ಅಂತ ಆಸೆ.

ಕ್ರೂ ಕಾರಿನಲ್ಲಿ ನಾಯಿ ಕೂರಿಸಬಹುದಾ?

ಕೇಳಿ ಕೂರಿಸಿ. ಹಳ್ಳಿ ಕಡೆಯ ಏರ್‌ಪೋರ್ಟುಗಳಲ್ಲಿ ಹೆಚ್ಚಿನವರು ಒಪ್ಪುತ್ತಾರೆ. ಅಲ್ಲಿ ಆಫೀಸಿನಲ್ಲೇ ಒಂದು ನಾಯಿ ಮಲಗಿರುತ್ತದೆ. ಜೆಟ್‌ಗಳು ಬರುವ ದೊಡ್ಡ ಎಫ್‌ಬಿಓಗಳಲ್ಲಿ ಕಾರು ಹೊಸದು, ನಿಯಮವೂ ಗಟ್ಟಿ. ಅಲ್ಲಿ ಬೇಡ ಅಂದರೆ ವಾದ ಮಾಡಬೇಡಿ. ಕಾರು ಅವರದು.

ಒಪ್ಪಿದರೆ ಹೀಗೆ ಮಾಡಿ. ಹಿಂದಿನ ಸೀಟಿಗೆ ನಿಮ್ಮದೇ ಬೆಡ್‌ಶೀಟ್ ಹಾಸಿ. ಸೀಟು ಮಾತ್ರ ಅಲ್ಲ, ಬಾಗಿಲಿನ ಒಳಗಡೆಗೂ ಒಂದು ಟವೆಲ್ ಇಳಿಬಿಡಿ, ಯಾಕೆಂದರೆ ನಾಯಿ ಜೊಲ್ಲು ಸುರಿಸುವುದು ಅಲ್ಲೇ. ವಾಪಸ್ ಕೊಡುವ ಮುಂಚೆ ಕೂದಲು ಎತ್ತುವ ಅಂಟಿನ ರೋಲರಿನಲ್ಲಿ ಸೀಟು, ನೆಲ ಎರಡನ್ನೂ ಉಜ್ಜಿ. ಕಿಟಕಿಯ ಗಾಜಿನ ಮೇಲೆ ಒದ್ದೆ ಮೂಗಿನ ಗುರುತು ಉಳಿದಿರುತ್ತದೆ, ಅದನ್ನೂ ಒರೆಸಿ. ಕಾರಿಗೆ ಪೆಟ್ರೋಲ್ ಹಾಕಿಸಿ, ನೀವು ಓಡಿಸಿದ್ದು ಐದೇ ಮೈಲಿ ಆದರೂ ಸರಿ. ವಿಮಾನಕ್ಕೂ ಅವರಲ್ಲೇ ಎಣ್ಣೆ ಹಾಕಿಸಿ. ನಮ್ಮ ರೀಡ್-ಹಿಲ್‌ವ್ಯೂನಲ್ಲಿ 2022ರ ಜನವರಿ 1ರಿಂದ 100ಎಲ್‌ಎಲ್ ಅನ್ನುವ ಸೀಸದ ಎಣ್ಣೆಯ ಮಾರಾಟ ನಿಂತಿತು. ಆಮೇಲೆ ಬೇರೆ ಊರಲ್ಲಿ ಎಣ್ಣೆ ಹಾಕಿಸುವುದು ನಮಗೆ ಅಭ್ಯಾಸವೇ ಆಯಿತು. ಆ ದುಡ್ಡು ಕಾರು ಕೊಟ್ಟವರಿಗೇ ಹೋಗಲಿ ಅಲ್ವಾ?

ಇನ್ನೊಂದು ಮಾತು. ಕ್ರೂ ಕಾರ್ ರಾತ್ರಿ ಇಟ್ಟುಕೊಳ್ಳುವುದಕ್ಕೆ ಅಲ್ಲ. ನಿಮ್ಮ ಹಿಂದೆ ಇನ್ನೊಬ್ಬ ಪೈಲಟ್ ಹಸಿದು ಕಾಯುತ್ತಿರುತ್ತಾನೆ.

ಫೋನ್ ಮಾಡಿ ಏನು ಕೇಳಬೇಕು?

ನಂಬರ್ ಸಿಗುವುದು ಸುಲಭ. ಏರ್‌ನ್ಯಾವ್ ಅನ್ನುವ ವೆಬ್‌ಸೈಟ್, ಪೈಲಟ್‌ಗಳು ಬಳಸುವ ಫೋರ್‌ಫ್ಲೈಟ್ ಆ್ಯಪ್ ಎರಡರಲ್ಲೂ ಪ್ರತಿ ಏರ್‌ಪೋರ್ಟಿನ ಎಫ್‌ಬಿಓ ನಂಬರ್ ಇದೆ, ಹೋಗಿ ಬಂದ ಪೈಲಟ್‌ಗಳ ಮಾತೂ ಇದೆ. ಆದರೆ "ಕ್ರೂ ಕಾರ್ ಇದೆ" ಅಂತ ಯಾರೋ ಬರೆದದ್ದು ನಾಲ್ಕು ವರ್ಷದ ಹಿಂದಿನದ್ದಿರಬಹುದು. ಆ ಕಾರು ಈಗ ಗುಜರಿಗೆ ಹೋಗಿರಬಹುದು. ಅದಕ್ಕೇ ಫೋನ್.

ನಾನು ಹಿಂದಿನ ದಿನ ಮಾಡುತ್ತೇನೆ, ಬೆಳಿಗ್ಗೆ ಹೊರಡುವ ಮುಂಚೆ ಇನ್ನೊಮ್ಮೆ ಮಾಡುತ್ತೇನೆ. ಮಾತು ಹೀಗಿರುತ್ತದೆ: "ನಾಳೆ ಹನ್ನೊಂದು ಗಂಟೆಗೆ ಸೆಸ್ನಾದಲ್ಲಿ ಬರುತ್ತಿದ್ದೇವೆ. ಇಬ್ಬರು ಜನ, 28 ಕಿಲೋ ನಾಯಿ ಒಂದು. ಕಾರು ಸಿಗುತ್ತಾ? ಕಾರಿನಲ್ಲಿ ನಾಯಿ ಕೂರಿಸಬಹುದಾ? ಅಕಸ್ಮಾತ್ ಕಾರು ಬೇರೆಯವರು ತೆಗೆದುಕೊಂಡು ಹೋಗಿದ್ದರೆ ನಾಯಿ ಜೊತೆ ಒಳಗೆ ಕೂತು ಕಾಯಬಹುದಾ?" ಈ ಕೊನೆಯ ಪ್ರಶ್ನೆ ಮರೆಯಬೇಡಿ. ಎಸಿ ಇರುವ ಕೋಣೆಯಲ್ಲಿ ಕಾಯುವುದಕ್ಕೂ ಕುದಿಯುವ ಟಾರಿನ ಮೇಲೆ ಕಾಯುವುದಕ್ಕೂ ನಾಯಿಗೆ ತುಂಬಾ ವ್ಯತ್ಯಾಸ ಇದೆ.

ನಾಯಿಯ ತೂಕ ಹೇಳಿಬಿಡಿ. ಸುಮ್ನೆ "ನಾಯಿ" ಅಂದರೆ ಆ ಕಡೆಯವರು ಚೀಲದಲ್ಲಿ ಹಿಡಿಸುವ ನಾಯಿ ಅಂದುಕೊಳ್ಳಬಹುದು.

ಉಬರ್, ಲಿಫ್ಟ್ ಕ್ಯಾಬ್ ಮಾಡಿದರೆ ಆಗುವುದಿಲ್ಲವಾ?

ದೊಡ್ಡ ಊರುಗಳಲ್ಲಿ ಆಗುತ್ತದೆ. ಉಬರ್ ಪೆಟ್ ಅಂತ ಬೇರೆಯೇ ಆಯ್ಕೆ ಇದೆ, ಅಮೆರಿಕದಲ್ಲಿ 2019ರಲ್ಲಿ ಶುರುವಾದದ್ದು. ಸ್ವಲ್ಪ ಹೆಚ್ಚು ಹಣ, ಒಂದು ಸಾಕುಪ್ರಾಣಿ. ಲಿಫ್ಟ್‌ನಲ್ಲೂ ಅಂಥದ್ದು ಇದೆ. ಮಾಮೂಲಿ ಉಬರ್ ಹಿಡಿದರೆ ಒಪ್ಪುವುದು ಬಿಡುವುದು ಡ್ರೈವರ್ ಇಷ್ಟ. ಕಾರು ಕೊಳೆಯಾದರೆ ಕ್ಲೀನಿಂಗ್ ಹಣ ನಿಮ್ಮ ತಲೆಗೆ.

ತೊಂದರೆ ಇರುವುದು ಸಣ್ಣ ಊರಿನಲ್ಲಿ. ಇಡೀ ಊರಿಗೆ ಇಬ್ಬರು ಡ್ರೈವರ್ ಇದ್ದರೆ ಅವರಲ್ಲಿ ಒಬ್ಬರಿಗಾದರೂ ನಾಯಿ ಬೇಡವಾಗಿರುತ್ತದೆ. ಇನ್ನೊಂದು, ಬರುವಾಗ ಸಿಕ್ಕ ಕ್ಯಾಬ್ ಹೋಗುವಾಗ ಸಿಗುತ್ತದೆ ಅಂತಿಲ್ಲ. ಊರೊಳಗೆ ಬಿಟ್ಟ ಡ್ರೈವರ್ ಒಳ್ಳೆಯವನಾಗಿದ್ದರೆ ಅಲ್ಲೇ ಕೇಳಿ, "ನಾಲ್ಕು ಗಂಟೆಗೆ ವಾಪಸ್ ಬಿಡ್ತೀರಾ?" ಅಂತ. ನನಗೆ ಇದು ಎರಡು ಸಲ ಕೆಲಸ ಮಾಡಿದೆ.

ಸರ್ವಿಸ್ ಡಾಗ್ ಅಂತ ಹೇಳಿಬಿಟ್ಟರೆ ಯಾರೂ ಬೇಡ ಅನ್ನುವುದಿಲ್ಲವಂತೆ?

ದಯವಿಟ್ಟು ಹಾಗೆ ಮಾಡಬೇಡಿ. ಕಣ್ಣು ಕಾಣದವರು, ಮೂರ್ಛೆ ರೋಗ ಇರುವವರು ನಂಬಿಕೊಂಡಿರುವ ನಾಯಿಗಳು ಅವು. ಅದಕ್ಕಾಗಿ ತರಬೇತಿ ಪಡೆದಿರುತ್ತವೆ. ಕಾನೂನು ಅವರಿಗೆ ಕೊಟ್ಟ ಹಕ್ಕನ್ನು ನಾವು ಸುಳ್ಳು ಹೇಳಿ ಬಳಸಿದರೆ ನಾಳೆ ನಿಜವಾಗಿ ಬೇಕಾದವರನ್ನು ಡ್ರೈವರ್ ಅನುಮಾನದಿಂದ ನೋಡುತ್ತಾನೆ. ಕ್ಯಾಲಿಫೋರ್ನಿಯಾದಲ್ಲಿ ಇದು ಅಪರಾಧ ಕೂಡ.

ಬಾಡಿಗೆ ಕಾರು ತೆಗೆದುಕೊಳ್ಳುವುದಾದರೆ?

ರಾತ್ರಿ ಉಳಿಯುವುದಿದ್ದರೆ ಇದೇ ಸರಿ. ಎಂಟರ್‌ಪ್ರೈಸ್, ಹರ್ಟ್ಜ್, ಏವಿಸ್ ಮೂರೂ ನಾಯಿಯನ್ನು ಒಪ್ಪುತ್ತವೆ. ಆದರೆ ಕಾರಿನಲ್ಲಿ ಕೂದಲು, ವಾಸನೆ ಉಳಿದರೆ ದುಡ್ಡು ಹಾಕುತ್ತಾರೆ. ಕಾರು ಕೈಗೆ ಬಂದ ತಕ್ಷಣ ಒಳಗಿನ ಫೋಟೋ ತೆಗೆಯಿರಿ, ಕೊಡುವಾಗಲೂ ತೆಗೆಯಿರಿ. ಜನ ತಮ್ಮ ಸ್ವಂತ ಕಾರನ್ನೇ ಬಾಡಿಗೆಗೆ ಕೊಡುವ ಟ್ಯೂರೋದಲ್ಲಿ ಕಾರು ತೆಗೆದುಕೊಂಡರೆ ನಾಯಿ ಬೇಕೋ ಬೇಡವೋ ಅಂತ ಹೇಳುವುದು ಆ ಕಾರಿನ ಮಾಲೀಕ. ಅವರ ಒಪ್ಪಿಗೆಯನ್ನು ಮೆಸೇಜಿನಲ್ಲಿ ಬರೆಸಿಕೊಳ್ಳಿ.

ಸಣ್ಣ ಊರಿನ ಬಾಡಿಗೆ ಕಾರಿನ ಆಫೀಸು ಶನಿವಾರ ಮಧ್ಯಾಹ್ನಕ್ಕೆ ಬಾಗಿಲು ಹಾಕುತ್ತದೆ, ಭಾನುವಾರ ತೆಗೆಯುವುದೇ ಇಲ್ಲ. ನಾವು ಹಾರುವುದೇ ಶನಿವಾರ ಭಾನುವಾರ. ಇದಕ್ಕೆ ದಾರಿ ಎಫ್‌ಬಿಓ. ಅವರಿಗೆ ಹೇಳಿದರೆ ಶುಕ್ರವಾರವೇ ಕಾರು ತರಿಸಿ ಬೀಗದ ಕೈ ಇಟ್ಟುಕೊಳ್ಳುತ್ತಾರೆ. ಕೆಲವು ಕಡೆ ಕಾರನ್ನು ವಿಮಾನದ ಪಕ್ಕಕ್ಕೇ ತಂದು ನಿಲ್ಲಿಸುತ್ತಾರೆ. ನಾಯಿ ಇರುವವರಿಗೆ ಇದಕ್ಕಿಂತ ಸುಖ ಇಲ್ಲ. ಮಾಂಟೆರೆಯಲ್ಲಿ ನಾವು ಹೀಗೇ ಮಾಡಿದ್ದು. ಎಣ್ಣೆ ಹಾಕಿಸಿದರೆ ನಿಲ್ಲಿಸುವ ಶುಲ್ಕ ಬಿಡುತ್ತಾರೆ, ಕಾರು ರೆಡಿ ಇರುತ್ತದೆ. ಅಲ್ಲಿಂದ ಕಾಲು ಗಂಟೆಗೆ ಕಾರ್ಮೆಲ್ ಬೀಚ್. ಆ ಬೀಚಿನಲ್ಲಿ ಮಾತು ಕೇಳುವ ನಾಯಿಯನ್ನು ಲೀಶ್ ಬಿಚ್ಚಿ ಬಿಡಬಹುದು. ಕೆಂಚ ಮೊದಲ ಸಲ ಸಮುದ್ರ ನೋಡಿದ್ದು ಅಲ್ಲೇ. ಅಲೆ ಹಿಂದೆ ಹೋದಾಗ ಅಟ್ಟಿಸಿಕೊಂಡು ಹೋಗುತ್ತಿದ್ದ, ಮುಂದೆ ಬಂದಾಗ ನನ್ನ ಕಾಲ ಹಿಂದೆ ಬಂದು ನಿಲ್ಲುತ್ತಿದ್ದ.

ಕಾರೇ ಬೇಡದ ಜಾಗ ಯಾವುದಾದರೂ ಇದೆಯಾ?

ಇದೆ. ಮೊದಲ ಸಲ ನಾಯಿ ಕರೆದುಕೊಂಡು ಹೋಗುವವರಿಗೆ ನಾನು ಹೇಳುವುದೇ ಅಂಥ ಜಾಗ.

ಕರಾವಳಿಯ ಓಷಿಯಾನೋ ಏರ್‌ಪೋರ್ಟ್ ನನಗೆ ಎಲ್ಲಕ್ಕಿಂತ ಇಷ್ಟ. ಇಳಿದು ವಿಮಾನ ಕಟ್ಟಿ ನಡೆದುಕೊಂಡೇ ಬೀಚಿಗೆ ಹೋಗಬಹುದು. ಪಕ್ಕದಲ್ಲೇ ಕ್ಯಾಂಪ್ ಹಾಕುವ ಜಾಗ ಇದೆ. ರನ್‌ವೇ ಮಾತ್ರ 2,325 ಅಡಿ, ಸಮುದ್ರದ ಗಾಳಿ ಬೇರೆ. ಮೊದಲು ಒಬ್ಬರೇ ಹೋಗಿ ಅಭ್ಯಾಸ ಮಾಡಿ ಬನ್ನಿ, ಆಮೇಲೆ ನಾಯಿ.

ಕೊಲಂಬಿಯಾ ಸಿಯೆರಾ ಬೆಟ್ಟದ ಬುಡದಲ್ಲಿ ಇದೆ. ಏರ್‌ಪೋರ್ಟಿನಲ್ಲೇ ಟೆಂಟ್ ಹಾಕಬಹುದು. ಅಲ್ಲಿಂದ ಕಾಲುದಾರಿಯಲ್ಲಿ ನಡೆದರೆ ಚಿನ್ನದ ಗಣಿಗಾರಿಕೆ ಕಾಲದ ಹಳೇ ಪೇಟೆ ಸಿಗುತ್ತದೆ, ಈಗ ಅದು ಸ್ಟೇಟ್ ಪಾರ್ಕ್. ಲೀಶ್ ಹಾಕಿದ ನಾಯಿ ಬೀದಿಯಲ್ಲಿ ಓಡಾಡಬಹುದು. ಬೇಸಿಗೆಯಲ್ಲಿ ಎರಡು ವಿಷಯ ಹುಷಾರು. ಒಂದು ರ್‍ಯಾಟಲ್ ಹಾವು. ಇನ್ನೊಂದು ಫಾಕ್ಸ್‌ಟೇಲ್ ಅನ್ನುವ ಹುಲ್ಲು. ಅದರ ಒಣಗಿದ ತೆನೆಗೆ ಮುಳ್ಳು ಇರುತ್ತದೆ. ನಾಯಿಯ ಕಿವಿ, ಮೂಗು, ಬೆರಳ ಸಂದಿಗೆ ಹೊಕ್ಕರೆ ಒಳಗೇ ಹೋಗುತ್ತದೆ, ತಾನಾಗಿ ವಾಪಸ್ ಬರುವುದಿಲ್ಲ. ನಡೆದು ಬಂದ ಮೇಲೆ ಒಂದೊಂದು ಪಾದವನ್ನೂ ಕೈಯಲ್ಲಿ ಹಿಡಿದು ಬೆರಳು ಬಿಡಿಸಿ ನೋಡಿ.

ಹಾಫ್ ಮೂನ್ ಬೇ ಏರ್‌ಪೋರ್ಟಿನಿಂದ ಪ್ರಿನ್ಸ್‌ಟನ್ ಬಂದರಿಗೂ ನಡೆಯಬಹುದು. ಹ್ಯಾರಿಸ್ ರ್‍ಯಾಂಚ್‌ನಲ್ಲಿ ರನ್‌ವೇ ಪಕ್ಕದಲ್ಲೇ ಹೋಟೆಲ್, ಆದರೆ ನಮ್ಮ ಸಸ್ಯಾಹಾರಿ ಗೆಳೆಯರಿಗೆ ಮೊದಲೇ ಹೇಳಿಬಿಡುತ್ತೇನೆ, ಅದು ದನದ ಮಾಂಸಕ್ಕೆ ಹೆಸರಾದ ಜಾಗ.

ವಿಮಾನದಿಂದ ಕಾರಿನ ತನಕ ನಾಯಿಯನ್ನು ಹೇಗೆ ಕರೆದುಕೊಂಡು ಹೋಗುವುದು?

ಇಡೀ ಪ್ರವಾಸದಲ್ಲಿ ನನಗೆ ಭಯ ಆಗುವುದು ಈ ಐವತ್ತು ಹೆಜ್ಜೆಗೇ. ಸುತ್ತ ಬೇರೆ ವಿಮಾನಗಳು ಇರುತ್ತವೆ. ತಿರುಗುತ್ತಿರುವ ಪ್ರೊಪೆಲರ್ ಕಣ್ಣಿಗೆ ಕಾಣುವುದಿಲ್ಲ, ಮನುಷ್ಯರಿಗೇ ಕಾಣುವುದಿಲ್ಲ. ಹಾಗಾಗಿ ನಮ್ಮ ಎಂಜಿನ್ ಆಫ್ ಆಗಿ, ಪ್ರೊಪೆಲರ್ ಪೂರ್ತಿ ನಿಂತು, ಕೀ ನನ್ನ ಕೈಗೆ ಬರುವ ತನಕ ಬಾಗಿಲು ತೆಗೆಯುವುದಿಲ್ಲ. ಲೀಶ್ ಒಳಗಿದ್ದಾಗಲೇ ಹಾಕುತ್ತೇನೆ, ಕೊರಳಪಟ್ಟಿಗಲ್ಲ, ಎದೆಗೆ ಹಾಕುವ ಹಾರ್ನೆಸ್‌ಗೆ. ಹೆದರಿದ ನಾಯಿ ಹಿಂದಕ್ಕೆ ಜಗ್ಗಿದರೆ ಕೊರಳಪಟ್ಟಿ ಕಿವಿ ದಾಟಿ ಕಳಚಿಕೊಳ್ಳುತ್ತದೆ.

ಆಮೇಲೆ ಅಂಗೈಯನ್ನು ತಿರುಗಿಸಿ, ಹಿಂಬದಿಯನ್ನು ನೆಲಕ್ಕೆ ಒತ್ತಿ ಏಳು ಎಣಿಸಿ. ಅಷ್ಟು ಹೊತ್ತು ಇಡಲಾಗದಿದ್ದರೆ ನಾಯಿಯ ಪಾದವೂ ಸುಡುತ್ತದೆ. ಕಾರನ್ನು ಹತ್ತಿರ ತರಬಹುದಾ ಅಂತ ಕೇಳಿ, ಇಲ್ಲವೇ ಎತ್ತಿಕೊಳ್ಳಿ. ನಾನು 28 ಕಿಲೋ ಎತ್ತಿಕೊಂಡು ನಡೆದಿದ್ದೇನೆ.

ಇಬ್ಬರು ಇದ್ದರೆ ಕೆಲಸ ಹಂಚಿಕೊಳ್ಳಿ. ನಮ್ಮಲ್ಲಿ ಕೆಂಚನ ಲೀಶ್ ನನ್ನ ಹೆಂಡತಿಯದ್ದು, ವಿಮಾನ ಕಟ್ಟುವುದು, ಸಾಮಾನು ಇಳಿಸುವುದು ನನ್ನದು. ಎರಡನ್ನೂ ಒಬ್ಬರೇ ಮಾಡಲು ಹೋಗಿ ನಾಯಿಯನ್ನು ರೆಕ್ಕೆಯ ಹಗ್ಗಕ್ಕೆ ಕಟ್ಟುವುದು ಬೇಡ. ಉಚ್ಚೆ ಮಾಡಿಸುವುದು ಬೇಲಿಯ ಆಚೆ ಹುಲ್ಲಿನಲ್ಲಿ, ಯಾರದೋ ವಿಮಾನದ ಚಕ್ರದ ಮೇಲೆ ಅಲ್ಲ.

ವಿಮಾನದಲ್ಲೂ ಕಾರಿನಲ್ಲೂ ಒಂದೇ ಸಾಮಾನು ಸಾಕಾ?

ಸಾಕು, ಹಾಗೇ ನೋಡಿ ತೆಗೆದುಕೊಳ್ಳಿ. ಸೀಟ್‌ಬೆಲ್ಟಿಗೆ ಸಿಕ್ಕಿಸುವ ಹಾರ್ನೆಸ್ ಎರಡಕ್ಕೂ ಆಗುತ್ತದೆ. ದೊಡ್ಡ ಪ್ಲಾಸ್ಟಿಕ್ ಪೆಟ್ಟಿಗೆ ಸೆಸ್ನಾದ ಬಾಗಿಲಲ್ಲಿ ನುಗ್ಗುವುದೇ ಕಷ್ಟ, ಬಾಡಿಗೆಗೆ ಸಿಕ್ಕ ಕಾರು ಸಣ್ಣದಾದರೆ ಅದರೊಳಗೂ ಹೋಗುವುದಿಲ್ಲ. ಮಡಚುವ ಬಟ್ಟೆಯ ಪೆಟ್ಟಿಗೆ ವಾಸಿ.

ತೂಕದ ಲೆಕ್ಕದಲ್ಲಿ ನಾಯಿ, ಪೆಟ್ಟಿಗೆ, ನೀರು ಎಲ್ಲ ಸೇರಿಸಿ. 172ರ ಹಿಂದಿನ ಸಾಮಾನಿನ ಜಾಗಕ್ಕೆ ಮಿತಿ 120 ಪೌಂಡ್, ಅಂದರೆ ಸುಮಾರು 54 ಕಿಲೋ. ಟ್ರಕೀಯಂಥ ಸುಮಾರು 5,900 ಅಡಿ ಎತ್ತರದ ಏರ್‌ಪೋರ್ಟಿಗೆ ಬೇಸಿಗೆಯಲ್ಲಿ ಹೋದರೆ ಗಾಳಿ ತೆಳು, ವಿಮಾನ ಏಳುವುದು ನಿಧಾನ. ಅಲ್ಲಿ ಒಂದೊಂದು ಕಿಲೋನೂ ಲೆಕ್ಕಕ್ಕೆ ಬರುತ್ತದೆ. ಬಾಡಿಗೆ ವಿಮಾನವಾದರೆ ನಾಯಿ ಕೂರಿಸಲು ಕ್ಲಬ್ಬಿನ ಒಪ್ಪಿಗೆಯೂ ಬೇಕು.

ಊಟ ಮಾಡಿ ಬರುವ ತನಕ ನಾಯಿಯನ್ನು ಕಾರಿನಲ್ಲಿ ಬಿಡಬಹುದಾ?

ಬೇಡ. ಹೊರಗೆ 21 ಡಿಗ್ರಿ ಇದ್ದರೂ ಮುಚ್ಚಿದ ಕಾರಿನೊಳಗೆ ಅರ್ಧ ಗಂಟೆಯಲ್ಲಿ 40 ಡಿಗ್ರಿ ಆಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಅಪಾಯ ಆಗುವಂತೆ ಪ್ರಾಣಿಯನ್ನು ಕಾರಿನಲ್ಲಿ ಬಿಡುವುದು ಅಪರಾಧ. 2017ರಿಂದ, ಕಾನೂನು ಹೇಳಿದ ಕ್ರಮ ಪಾಲಿಸಿ, ದಾರಿಹೋಕರೂ ಗಾಜು ಒಡೆದು ನಾಯಿಯನ್ನು ಉಳಿಸಬಹುದು. ಒಡೆಯುವ ಗಾಜು ನಿಮ್ಮನ್ನು ನಂಬಿ ಕೊಟ್ಟವರ ಕ್ರೂ ಕಾರಿನದ್ದು ಅನ್ನುವುದನ್ನೂ ನೆನಪಿಡಿ. ಹೊರಗೆ ಟೇಬಲ್ ಹಾಕಿರುವ ಹೋಟೆಲ್ ಹುಡುಕಿ, ಅಥವಾ ಪಾರ್ಸೆಲ್ ತೆಗೆದುಕೊಳ್ಳಿ. ನಾವು ಮನೆಯಿಂದಲೇ ಚಿತ್ರಾನ್ನ, ಮೊಸರನ್ನ ಕಟ್ಟಿಕೊಂಡು ಹೋಗುತ್ತೇವೆ.

ಹವಾಮಾನ ಕೆಟ್ಟು ವಿಮಾನ ಅಲ್ಲೇ ಬಿಡಬೇಕಾಗಿ ಬಂದರೆ?

ಕರಾವಳಿಯಲ್ಲಿ ಬೇಸಿಗೆಯ ಸಂಜೆ ಸಮುದ್ರದ ಮಂಜು ಮೋಡ ಒಳಗೆ ಬಂದರೆ ರನ್‌ವೇ ಮುಚ್ಚಿಕೊಳ್ಳುತ್ತದೆ. ಬರೀ ಮನುಷ್ಯರಾದರೆ ಬಸ್ಸೋ ರೈಲೋ ಹತ್ತಿ ಬರಬಹುದು. ದೊಡ್ಡ ನಾಯಿ ಇದ್ದರೆ ಆ ಬಾಗಿಲು ಮುಚ್ಚಿತು ಅಂತಲೇ ತಿಳಿಯಿರಿ. ಆಮ್‌ಟ್ರ್ಯಾಕ್ ರೈಲಿನಲ್ಲಿ ಚೀಲ ಸೇರಿ 20 ಪೌಂಡ್ ಮೀರಬಾರದು, ಅಂದರೆ 9 ಕಿಲೋ. ಗ್ರೇಹೌಂಡ್ ಬಸ್ಸಿನಲ್ಲಿ ಸರ್ವಿಸ್ ಡಾಗ್ ಬಿಟ್ಟು ಬೇರೆ ನಾಯಿ ಹತ್ತಿಸುವುದಿಲ್ಲ. ಉಳಿಯುವುದು ಎರಡೇ. ಒಂದು ಕಡೆ ತೆಗೆದುಕೊಂಡು ಇನ್ನೊಂದು ಕಡೆ ಬಿಡುವ ಬಾಡಿಗೆ ಕಾರು, ಇಲ್ಲವೇ ನಾಯಿ ಒಪ್ಪುವ ಹೋಟೆಲಿನಲ್ಲಿ ರಾತ್ರಿ. ಮೋಟೆಲ್ 6ನಂಥವು ಒಪ್ಪುತ್ತವೆ.

ಹೊರಡುವ ಮುಂಚೆಯೇ ಎರಡಕ್ಕೂ ಫೋನ್ ನಂಬರ್ ಬರೆದುಕೊಂಡಿರಿ. ಇನ್ನೊಂದು ಹೊತ್ತಿನ ನಾಯಿ ಊಟ, ರೇಬಿಸ್ ಲಸಿಕೆಯ ಕಾಗದ ಬ್ಯಾಗಿನಲ್ಲಿ ಇರಲಿ. ನಾಯಿಗೆ ವಾಪಸ್ ಹೋಗುವ ದಾರಿ ಇಲ್ಲ ಅನ್ನುವ ಯೋಚನೆಯಲ್ಲೇ ಪೈಲಟ್ ಮೋಡದೊಳಗೆ ನುಗ್ಗಿಬಿಡುತ್ತಾನೆ. ದಾರಿ ಮೊದಲೇ ಗೊತ್ತಿದ್ದರೆ ನೆಲದ ಮೇಲೆ ಉಳಿಯುವ ಧೈರ್ಯ ಬರುತ್ತದೆ.

ಪೈಲಟ್ಸ್ ಎನ್ ಪಾಸ್‌ಗಾಗಿ ನಾಯಿ ಒಯ್ಯುವಾಗ?

2008ರಲ್ಲಿ ಶುರುವಾದ ಈ ಸಂಸ್ಥೆಯ ಸ್ವಯಂಸೇವಕ ಪೈಲಟ್‌ಗಳು, ಅನಾಥ ನಾಯಿಗಳನ್ನು ತುಂಬಿ ತುಳುಕುವ ಆಶ್ರಯಗಳಿಂದ ಸಾಕುವವರ ಊರಿಗೆ ತಲುಪಿಸುತ್ತಾರೆ. ಅಲ್ಲಿ ಕಾರು ನಿಮ್ಮದಲ್ಲ, ಬಂದು ಕರೆದುಕೊಂಡು ಹೋಗುವವರದ್ದು. ಅವರಿಗೆ "ಏರ್‌ಪೋರ್ಟಿಗೆ ಬನ್ನಿ" ಅಂದರೆ ದೊಡ್ಡ ಟರ್ಮಿನಲ್‌ಗೆ ಹೋಗಿ ನಿಲ್ಲುತ್ತಾರೆ. ಎಫ್‌ಬಿಓ ಹೆಸರು, ವಿಳಾಸ ಕಳಿಸಿ. ಹೊರಟಾಗ ಒಂದು ಮೆಸೇಜ್, ಇಳಿದಾಗ ಒಂದು. ನಾಯಿಯನ್ನು ಕೈ ಬದಲಿಸುವುದು ಬಾಗಿಲು ಹಾಕಿದ ಕೋಣೆಯೊಳಗೇ. ನಿಮ್ಮ ಪರಿಚಯವೂ ಇಲ್ಲದ, ಅವರ ಪರಿಚಯವೂ ಇಲ್ಲದ ನಾಯಿ ಅದು, ಬಯಲಿನಲ್ಲಿ ತಪ್ಪಿಸಿಕೊಂಡರೆ ಯಾರು ಕರೆದರೂ ತಿರುಗುವುದಿಲ್ಲ.

ಬೆಂಗಳೂರಿನಲ್ಲಿ ಇದೆಲ್ಲ ನಡೆಯುತ್ತದಾ?

ಕ್ರೂ ಕಾರ್ ಪದ್ಧತಿ ನಮ್ಮಲ್ಲಿ ಇಲ್ಲ. ಎಚ್ಎಎಲ್ ಏರ್‌ಪೋರ್ಟಿಗೆ ಚಾರ್ಟರ್ ವಿಮಾನದಲ್ಲಿ ನಾಯಿ ಜೊತೆ ಬರುವವರು ಕಾರನ್ನು ಮನೆಯಿಂದಲೇ ತರಿಸಿಕೊಳ್ಳುವುದು ನೆಮ್ಮದಿ. ಉಬರ್ ಪೆಟ್ 2024ರಲ್ಲಿ ಬೆಂಗಳೂರಿಗೂ ಬಂತು, ಮುಂಚೆಯೇ ಬುಕ್ ಮಾಡಬೇಕು.

ವಾಪಸ್ ಏರ್‌ಪೋರ್ಟಿಗೆ ಬರುವಾಗ ಏನಾದರೂ ನೆನಪಿಡಬೇಕಾ?

ಗೇಟು. ಎಫ್‌ಬಿಓ ಸಂಜೆ ಐದಕ್ಕೆ ಬಾಗಿಲು ಹಾಕಿಕೊಂಡು ಹೋಗುತ್ತದೆ. ಆಮೇಲೆ ಬಂದರೆ ಬೇಲಿಯ ಗೇಟಿಗೆ ಕೋಡ್ ಬೇಕು. ತುಂಬಾ ಕಡೆ ಆ ಕೋಡ್ ಏರ್‌ಪೋರ್ಟಿನ ರೇಡಿಯೋ ಫ್ರೀಕ್ವೆನ್ಸಿಯೇ ಆಗಿರುತ್ತದೆ, ಆದರೆ ಎಲ್ಲ ಕಡೆ ಅಲ್ಲ. ಹೊರಗೆ ಹೋಗುವಾಗಲೇ ಕೇಳಿ ಬರೆದುಕೊಳ್ಳಿ. ಕ್ಯಾಬ್ ಆದರೆ ಗೇಟು ತೆಗೆದದ್ದನ್ನು ನೋಡಿಯೇ ಡ್ರೈವರನ್ನು ಕಳಿಸಿ. ಕ್ರೂ ಕಾರ್ ಆದರೆ ಬೀಗದ ಕೈ ಎಲ್ಲಿ ಹಾಕಬೇಕು ಅಂತ ಮೊದಲೇ ಕೇಳಿರಿ, ಸಾಮಾನ್ಯವಾಗಿ ಬಾಗಿಲಿನಲ್ಲಿ ಒಂದು ಕಿಂಡಿ ಇರುತ್ತದೆ. ಬೆಡ್‌ಶೀಟ್ ಮಡಚಿ ತೆಗೆದುಕೊಳ್ಳಿ, ಗಾಜು ಒರೆಸಿ, ನೋಟ್‌ಬುಕ್ಕಿನಲ್ಲಿ ಬಂದ ಸಮಯ ಬರೆಯಿರಿ. ನಾನು ಅದರ ಪಕ್ಕ "ನಾಯಿ ಇತ್ತು, ಸೀಟು ಒರೆಸಿದ್ದೇವೆ, ಥ್ಯಾಂಕ್ಸ್" ಅಂತ ಒಂದು ಸಾಲು ಬರೆದು ಬರುತ್ತೇನೆ.